ಸೊಂಟದ ಎಕ್ಸ್‌ರೇ: ‘ಸವೆದೈತೆ’ ಅಂದ್ರೆ ಏನು?

ಊರಿಂದ ವಾಟ್ಸಾಪ್‌ಗೆ ಬರೋ ಫೋಟೋಗಳಲ್ಲಿ ಮದುವೆ ಕಾರ್ಡು ಬಿಟ್ಟರೆ ಮುಂದಿನ ಸ್ಥಾನ ಸೊಂಟದ ಎಕ್ಸ್‌ರೇದು. ಜೊತೆಗೊಂದು ಸಾಲು: ‘ನೋಡಪ್ಪ, ಏನೈತೆ ಇದ್ರಲ್ಲಿ?’ ನಾನು ಡಾಕ್ಟರಲ್ಲ. ಆದರೆ ನಮ್ಮದು ಕಿಬ್ಬನಹಳ್ಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ಕೆಲಸ ಅಂದರೆ ಬಗ್ಗೋದು, ಎತ್ತೋದು, ಹತ್ತೋದು. ಸೊಂಟನೋವು ಇಲ್ಲದ ಮನೆ ಹುಡುಕಬೇಕು. ಹಾಗಾಗಿ ಈ ಫಿಲಂ ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದನ್ನ ಒಂದಿಷ್ಟು ಕೇಳಿ, ಓದಿ ತಿಳಕೊಂಡಿದ್ದೀನಿ.

ಮೊದಲನೇ ಮಾತು: ಎಕ್ಸ್‌ರೇ ಅಂದರೆ ನೆರಳು. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಕಂಡುಹಿಡಿದ ಈ ಕಿರಣ ಮಾಂಸವನ್ನು ಸುಲಭವಾಗಿ ದಾಟುತ್ತೆ, ಮೂಳೆಯಲ್ಲಿ ಹೆಚ್ಚು ತಡೆಯುತ್ತೆ. ಅದಕ್ಕೇ ಮೂಳೆ ಬೆಳ್ಳಗೆ, ಹೊಟ್ಟೆಯ ಗ್ಯಾಸು ಕಪ್ಪಗೆ. ಸೊಂಟದ ಭಾಗದಲ್ಲಿ ಒಂದರ ಮೇಲೊಂದು ಐದು ಮೂಳೆ ಇರುತ್ತವೆ. ಎಲ್‌1ರಿಂದ ಎಲ್‌5 ಅಂತ ಬರೆಯೋದು ಇವನ್ನೇ. ಅವುಗಳ ನಡುವೆ ಮೆತ್ತೆಯ ಹಾಗಿರೋ ಡಿಸ್ಕ್ ಮಾತ್ರ ಎಕ್ಸ್‌ರೇಯಲ್ಲಿ ಕಾಣಲ್ಲ. ನರವೂ ಕಾಣಲ್ಲ, ಸ್ನಾಯುವಿನ ಉಳುಕೂ ಕಾಣಲ್ಲ. ಕಾಣೋದು ಎರಡು ಮೂಳೆ ನಡುವಿನ ಖಾಲಿ ಜಾಗ ಅಷ್ಟೇ.

ನಮ್ಮ ಕಡೆಯವರಿಗೆ ಇದನ್ನ ಹೇಳೋದು ಸುಲಭ. ಅಟ್ಟದ ಮೇಲೆ ಒಣಗಿದ ಕಾಯಿಯನ್ನ ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಬಿಟ್ಟಿದೆ ಅಂತ ಗೊತ್ತಾಗುತ್ತೆ. ಅದರ ಬಣ್ಣ ಹೇಗಿದೆ, ಬೂಸ್ಟು ಬಂದಿದೆಯಾ ಅನ್ನೋದು ಸುಲಿದು ಒಡೆದ ಮೇಲೇ. ಎಕ್ಸ್‌ರೇಯೂ ಅಷ್ಟೇ. ಒಂದು ವಿಷಯ ಚೆನ್ನಾಗಿ ಹೇಳುತ್ತೆ, ಉಳಿದದ್ದಕ್ಕೆ ಅದನ್ನ ಕೇಳಬಾರದು.

ಇನ್ನು ವರದಿಯ ಭಾಷೆ. ‘ಸ್ಪಾಂಡಿಲೋಸಿಸ್’ ಅಂದರೆ ವಯಸ್ಸಿನ ಜೊತೆ ಆಗೋ ಸವೆತ. ‘ಆಸ್ಟಿಯೋಫೈಟ್’ ಅಂದರೆ ಮೂಳೆಯ ಅಂಚಲ್ಲಿ ಬೆಳೆದ ಸಣ್ಣ ಮುಳ್ಳು. ‘ಡಿಸ್ಕ್ ಸ್ಪೇಸ್ ಕಡಿಮೆ’ ಅಂದರೆ ನಡುವಿನ ಮೆತ್ತೆ ತಗ್ಗಿದೆ. ‘ಲಾರ್ಡೋಸಿಸ್ ಕಡಿಮೆ’ ಅಂದರೆ ಸೊಂಟದ ಸಹಜ ಬಾಗು ನೇರವಾಗಿದೆ. ಸ್ನಾಯು ಬಿಗಿದುಕೊಂಡಾಗ, ಕೆಲವೊಮ್ಮೆ ಮಲಗಿದ ಭಂಗಿಯಿಂದಲೂ ಹಾಗೆ ಕಾಣಬಹುದು. ‘ಸ್ಯಾಕ್ರಲೈಸೇಷನ್’ ಅಂತಿದ್ದರೆ ಕೊನೇ ಮೂಳೆ ಹುಟ್ಟಿನಿಂದಲೇ ಕೆಳಗಿನದರ ಜೊತೆ ಸೇರಿಕೊಂಡಿದೆ ಅಂತ. ‘ಲಿಸ್ಥೆಸಿಸ್’ ಅಂದರೆ ಒಂದು ಮೂಳೆ ಇನ್ನೊಂದರ ಮೇಲೆ ಮುಂದಕ್ಕೆ ಜಾರಿದೆ. ಕಾಲು ಭಾಗದೊಳಗೆ ಜಾರಿದ್ದರೆ ಗ್ರೇಡ್ 1.

ಈ ಪದಗಳು ಮನೆಯೊಳಗೆ ಬಂದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಚಿಕ್ಕಪ್ಪನೇ ಉದಾಹರಣೆ. ವಯಸ್ಸು 48, ಕೊಬ್ಬರಿ ಸುಲಿಯೋ ಕೆಲಸ. ಎಲ್‌4–ಎಲ್‌5 ನಡುವೆ ಜಾಗ ಕಡಿಮೆ ಅಂತ ವರದಿ ಬಂತು. ಫಿಲಂ ನೋಡಿದ ಒಬ್ಬರು ‘ಮೂಳೆ ಸವೆದೋಗೈತೆ, ಇನ್ಮೇಲೆ ಭಾರ ಎತ್ತಂಗಿಲ್ಲ’ ಅಂದುಬಿಟ್ಟರು. ಒಂದೂವರೆ ತಿಂಗಳು ಚಿಕ್ಕಪ್ಪ ಮಂಚ ಬಿಟ್ಟು ಏಳಲಿಲ್ಲ. ಆಪರೇಷನ್‌ಗೆ ಅಂತ ಎರಡು ಸೀಮೆಹಸು ಮಾರೋ ಮಾತು ನಡೆದಿತ್ತು. ಆಮೇಲೆ ತೋರಿಸಿದ ಮೂಳೆ ಡಾಕ್ಟರು ಫಿಲಂ ಪಕ್ಕಕ್ಕಿಟ್ಟು ಚಿಕ್ಕಪ್ಪನನ್ನೇ ಪರೀಕ್ಷೆ ಮಾಡಿದರು. ಕಾಲು ಎತ್ತಿಸಿದರು, ಹೆಬ್ಬೆರಳಿನ ಬಲ ನೋಡಿದರು, ಹಿಮ್ಮಡಿಯಲ್ಲಿ, ತುದಿಗಾಲಲ್ಲಿ ನಡೆಸಿದರು. ‘ನರಕ್ಕೆ ಏನೂ ಆಗಿಲ್ಲ. ಮಲಗಿದಷ್ಟೂ ಸೊಂಟ ಬಿಗಿಯುತ್ತೆ. ನಾಳೆಯಿಂದ ನಡೀರಿ’ ಅಂದರು. ವ್ಯಾಯಾಮ ಕಲಿಸಿದರು. ಎರಡು ತಿಂಗಳಿಗೆ ಚಿಕ್ಕಪ್ಪ ಅರ್ಧ ದಿನದ ಕೆಲಸಕ್ಕೆ ಮರಳಿದರು. ಹಸು ಕೊಟ್ಟಿಗೆಯಲ್ಲೇ ಉಳಿದವು.

ಹಾಗಾದರೆ ಸವೆತ ಸುಳ್ಳಾ? ಸುಳ್ಳಲ್ಲ. ಆದರೆ ನೋವಿಗೆ ಅದೇ ಕಾರಣ ಅಂತ ಹೇಳೋಕಾಗಲ್ಲ. 2015ರಲ್ಲಿ ಪ್ರಕಟವಾದ ಒಂದು ಅವಲೋಕನದಲ್ಲಿ ಸೊಂಟನೋವೇ ಇಲ್ಲದ 3,110 ಜನರ ಸಿಟಿ, ಎಂಆರ್‌ಐ ಸ್ಕ್ಯಾನ್ ಲೆಕ್ಕ ಹಾಕಿದರು. 30 ವಯಸ್ಸಿನವರಲ್ಲೇ ಶೇ 52, 50 ವಯಸ್ಸಿನವರಲ್ಲಿ ಶೇ 80ರಷ್ಟು ಮಂದಿಗೆ ಡಿಸ್ಕ್ ಸವೆತ ಇತ್ತು. ಅಂದರೆ ಇದು ಬಹುಪಾಲು ತಲೆಗೂದಲು ನರೆತ ಹಾಗೆ. ಇದನ್ನ ಓದ್ತಿರೋ ನಿಮಗೆ 30 ದಾಟಿದ್ದರೆ, ನಿಮ್ಮ ಸೊಂಟದಲ್ಲೂ ಇರಬಹುದು.

ಫಿಲಂ ನೋಡಿ ಹೆದರಿದರೆ ನೋವು ಬೇಗ ಹೋಗಲ್ಲ ಅನ್ನೋದಕ್ಕೂ ಸುಳಿವು ಇದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದಲ್ಲಿ, ಸೊಂಟನೋವಿನ 421 ಜನರಲ್ಲಿ ಒಂದು ಗುಂಪಿಗೆ ಮಾತ್ರ ಎಕ್ಸ್‌ರೇ ಬರೆದುಕೊಟ್ಟರು. ಮೂರು ತಿಂಗಳ ನಂತರ ಇನ್ನೂ ನೋವಿದೆ ಅಂದವರು ಎಕ್ಸ್‌ರೇ ಗುಂಪಿನಲ್ಲೇ ಹೆಚ್ಚು. ಆದರೆ ಒಂಬತ್ತು ತಿಂಗಳಿಗೆ, ಸಿಕ್ಕ ಚಿಕಿತ್ಸೆ ಬಗ್ಗೆ ಹೆಚ್ಚು ಸಮಾಧಾನ ಇದ್ದದ್ದೂ ಅವರಿಗೇ!

ಅದಕ್ಕೇ ಅಪಾಯದ ಲಕ್ಷಣ ಇಲ್ಲದಿದ್ದರೆ ಮೊದಲ ಆರು ವಾರ ಎಕ್ಸ್‌ರೇ ಬೇಡ ಅನ್ನೋದು ಈಗಿನ ವೈದ್ಯಕೀಯ ಸಲಹೆ. ವಿಕಿರಣದ ಲೆಕ್ಕವೂ ಇದೆ: ಸೊಂಟದ ಎಕ್ಸ್‌ರೇಗೆ ಸುಮಾರು 1.5 ಮಿಲಿಸೀವರ್ಟ್, ಎದೆಯದಕ್ಕೆ 0.1. ಭಯಪಡುವಷ್ಟಲ್ಲ, ಆದರೆ ‘ಯಾವುದಕ್ಕೂ ಇರಲಿ’ ಅಂತ ಮತ್ತೆ ಮತ್ತೆ ತೆಗೆಸೋದೂ ಬೇಡ. ಗರ್ಭಿಣಿ ಇರಬಹುದು ಅನ್ನೋ ಅನುಮಾನ ಇದ್ದರೂ ಮೊದಲೇ ಹೇಳಿ.

ತಡ ಮಾಡಲೇಬಾರದ ಸಂದರ್ಭಗಳು ಬೇರೆ. ಮರದಿಂದ ಬಿದ್ದಾಗ ಕೈಕಾಲು ಹಿಡಿದು ಆಟೋಗೆ ಎತ್ತಿಹಾಕಬೇಡಿ. 108ಕ್ಕೆ ಫೋನ್ ಮಾಡಿ, ಅವರು ಬರೋತನಕ ಅಲ್ಲಾಡಿಸದೆ ಮಲಗಿಸಿ. ಇಂಥಲ್ಲಿ ಎಕ್ಸ್‌ರೇ ಬೇಕೇಬೇಕು. ಸೊಂಟನೋವಿನ ಜೊತೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಶುರುವಿನಲ್ಲಿ ಅದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ‘ನಾರ್ಮಲ್’ ಬಂತು ಅಂತ ಸುಮ್ಮನಾಗಬೇಡಿ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹಳ ದಿನದಿಂದ ಸ್ಟಿರಾಯ್ಡ್ ತಗೊಳ್ಳೋರು, ಮೂಳೆ ಟೊಳ್ಳಾಗಿರೋ ಅಜ್ಜಿಯರು ಕೂಡ ಕಾಯಬಾರದು. ಕಾಲು ಬಲ ಕಳಕೊಂಡರೆ, ತೊಡೆ ಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅವತ್ತೇ ದೊಡ್ಡಾಸ್ಪತ್ರೆಗೆ. ಅಲ್ಲಿ ಬೇಕಾಗೋದು ಎಂಆರ್‌ಐ.

ಮುಂದಿನ ಸಲ ನಿಮ್ಮ ಫೋನಿಗೊಂದು ಫಿಲಂ ಬಂದರೆ ಗೂಗಲ್ ಮಾಡೋ ಮುಂಚೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ: ಬಿದ್ದಿದ್ರಾ? ಜ್ವರ ಇದ್ಯಾ? ಕಾಲಲ್ಲಿ ಬಲ ಇದ್ಯಾ? ಮೂತ್ರ ಸಲೀಸಾಗಿ ಹೋಗ್ತಿದ್ಯಾ? ಉತ್ತರ ಎಲ್ಲಾ ಸರಿಯಿದ್ದು, ‘ಸವೆದೈತಂತೆ ಕಣಪ್ಪ’ ಅಂತ ಗಾಬರಿಯಾದರೆ, ನಿಧಾನವಾಗಿ ಹೇಳಿ: ಡಾಕ್ಟರ ಕೈಲಿ ಒಂದ್ಸಲ ಪರೀಕ್ಷೆ ಮಾಡಿಸೋಣ, ಅಲ್ಲೀತನಕ ಮಂಚ ಬಿಟ್ಟು ನಾಲ್ಕು ಹೆಜ್ಜೆ ನಡೀರಿ. ಫಿಲಂ ನೋಡಿ ಯಾರೂ ಹಸು ಮಾರೋದು ಬೇಡ.