ಲಾಂಛನದ ಹಿಂದಿನ ಕೈಗಳು

ಜಟಿಂಗ ರಾಮೇಶ್ವರದ ಬೆಟ್ಟವನ್ನು ನಮ್ಮ ಜನ ಜಟಾಯುವಿನ ಹೆಸರಿನೊಡನೆ ನೆನೆಯುತ್ತಾರೆ. ಇತಿಹಾಸದ ವಿದ್ಯಾರ್ಥಿಗಳು ಅಶೋಕನ ಹೆಸರಿನೊಡನೆ. ಇಲ್ಲಿಯ ಬಂಡೆಯ ಬರಹ ಬಹಳ ಸವೆದಿದೆ. ನೆರೆಯ ಬ್ರಹ್ಮಗಿರಿಯ ಬರಹದಲ್ಲಾದರೋ ಚಕ್ರವರ್ತಿಯ ಆಜ್ಞೆಯ ಕೊನೆಗೆ ಚಪಡನೆಂಬ ಲಿಪಿಕಾರನ ಹೆಸರು ಸ್ಪಷ್ಟವಾಗಿ ಉಳಿದಿದೆ. ಒಡೆಯನ ಮಾತಿನ ಕೆಳಗೆ ಕೆಲಸಗಾರನ ಹೆಸರು 2,200 ವರ್ಷಗಳಿಗೂ ಮೀರಿ ಬಾಳಿತು. ಯಂತ್ರಯುಗದ ವಸ್ತುಗಳಲ್ಲಿ ಈ ಸೌಜನ್ಯ ಉಂಟೇ?

ಬೈಸಿಕಲ್ಲನ್ನೇ ನೋಡೋಣ. ಅದೂ ಹೆಸರನ್ನು ಹೊತ್ತು ತಿರುಗುವ ವಸ್ತುವೇ. ಹಳೆಯ ರ‍್ಯಾಲಿ ಸೈಕಲ್ಲಿನ ಹ್ಯಾಂಡಲಿನ ಕೆಳಗೆ ಕೊಕ್ಕರೆಯ ತಲೆಯುಳ್ಳ ಲೋಹದ ಬಿಲ್ಲೆಯೊಂದಿರುತ್ತದೆ. ಅದರ ಮೇಲಿನ ಹೆಸರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಒಂದು ಬೀದಿಯದು. ಆ ಬೀದಿಯಲ್ಲಿ ಮೂವರು ಪಾಲುದಾರರು ನಡೆಸುತ್ತಿದ್ದ ಸಣ್ಣ ಕಾರ್ಖಾನೆಯನ್ನು ಫ್ರಾಂಕ್ ಬೌಡನ್ ಎಂಬಾತ ಕೊಂಡು, 1888ರಲ್ಲಿ ಕಂಪೆನಿಯಾಗಿ ಕಟ್ಟಿದ. ಶತಮಾನ ಮುಗಿಯುವುದರೊಳಗೆ ಅದು ಜಗತ್ತಿನ ಬಲು ದೊಡ್ಡ ಸೈಕಲ್ ಕಾರ್ಖಾನೆಗಳಲ್ಲಿ ಒಂದಾಯಿತು.

ಅದರ ಕೀರ್ತಿಗೆ ಒಂದು ಮುಖ್ಯ ಕಾರಣ, ಹಿಂಚಕ್ರದ ಗುಂಬದೊಳಗೆ ಅಡಗಿರುವ ಮೂರು ವೇಗದ ಗೇರು. ಅದರ ಮೇಲೆ ಸ್ಟರ್ಮಿ, ಆರ್ಚರ್ ಎಂಬ ಇಬ್ಬರ ಹೆಸರುಗಳಿವೆ. ಅದನ್ನು ರೂಪಿಸುವುದರಲ್ಲಿ ವಿಲಿಯಂ ರೈಲಿ ಎಂಬ ಎಂಜಿನಿಯರನ ಪಾಲು ದೊಡ್ಡದೆಂದು ಚರಿತ್ರಕಾರರು ತೋರಿಸಿದ್ದಾರೆ. ಅವನ ಹೆಸರು ಮಾತ್ರ ಅಲ್ಲಿಲ್ಲ. ಹೀಗಿರುವಾಗ ಕೊಳವೆಗಳಿಗೆ ಹಿತ್ತಾಳೆಯ ಬೆಸುಗೆ ಹಾಕಿದವರನ್ನು, ಕಡ್ಡಿ ಜೋಡಿಸಿದವರನ್ನು ಕೇಳುವವರಾರು? 1980ರಲ್ಲಿ ಯೂಪ್ ಜೂಟೆಮೆಲ್ಕ್ ರ‍್ಯಾಲಿ ತಂಡದಲ್ಲಿದ್ದು ಫ್ರಾನ್ಸಿನ ಮಹಾಪಂದ್ಯವನ್ನು ಗೆದ್ದ. ಜಗತ್ತು ಸವಾರನನ್ನೂ ಲಾಂಛನವನ್ನೂ ನೆನಪಿಟ್ಟುಕೊಂಡಿತು.

ಲಾಂಛನ ಮರೆತದ್ದನ್ನು ಕೆಲಮಟ್ಟಿಗೆ ಸಾಹಿತ್ಯ ಉಳಿಸಿತು. ಎಳೆಯ ವಯಸ್ಸಿನಲ್ಲೇ ಅದೇ ಕಾರ್ಖಾನೆಯಲ್ಲಿ ದುಡಿದ ಅಲನ್ ಸಿಲ್ಲಿಟೋ, 1958ರ ತನ್ನ ಮೊದಲ ಕಾದಂಬರಿಯಲ್ಲಿ ಸೈಕಲ್ ಕಾರ್ಖಾನೆಯ ಲೇತ್ ಕೆಲಸಗಾರನನ್ನೇ ನಾಯಕನನ್ನಾಗಿ ಮಾಡಿದ. 2002ರಲ್ಲಿ ನಾಟಿಂಗ್‌ಹ್ಯಾಮಿನ ಕಾರ್ಖಾನೆ ಮುಚ್ಚಿತು. ಕಾದಂಬರಿಯನ್ನು ಜನ ಇಂದಿಗೂ ಓದುತ್ತಾರೆ.

ಈ ಸೈಕಲ್ಲು ನಮ್ಮ ದೇಶದಲ್ಲೂ ತಯಾರಾಯಿತು. ಸ್ವಾತಂತ್ರ್ಯಾನಂತರ ಬಂಗಾಳದ ಆಸನಸೋಲಿನಲ್ಲಿ ಸೇನ್-ರ‍್ಯಾಲಿ ಕಾರ್ಖಾನೆ ಎದ್ದಿತು. 1980ರಲ್ಲಿ ಸರಕಾರದ ಸ್ವತ್ತಾಯಿತು. ಮುಂದೆ ಅದೂ ಮುಚ್ಚಿತು. ಮದರಾಸಿನ ಅಂಬತ್ತೂರು, ಸೋನಿಪತ್, ಲೂಧಿಯಾನಗಳಿಂದಲೂ ಹಲವು ಹೆಸರಿನ ಸೈಕಲ್ಲುಗಳು ಹೊರಟವು. ಇವುಗಳ ಚರಿತ್ರೆಯೆಂದರೆ ಒಡೆಯರ ಹೆಸರು ಮತ್ತು ಸ್ಥಾಪನೆಯ ವರ್ಷ, ಇಷ್ಟೇ ಎಂದು ನಾವು ತಿಳಿದಿದ್ದೇವೆ.

ಕನ್ನಡದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವಿದೆ. ಆಸನಸೋಲು ದೂರವಿರಬಹುದು, ಚಳ್ಳಕೆರೆ, ಮೊಳಕಾಲ್ಮೂರುಗಳ ಸೈಕಲ್ ರಿಪೇರಿ ಅಂಗಡಿಗಳು ದೂರವಿಲ್ಲ. ಡೊಂಕಾದ ಚಕ್ರವನ್ನು ಕಣ್ಣಳತೆಯಿಂದ ನೇರಮಾಡುವ ಹಿರಿಯರ ಅನುಭವವನ್ನೂ, ಅವರು ಬಳಸುವ ಪದಗಳನ್ನೂ ಬರೆದಿಟ್ಟುಕೊಳ್ಳಬೇಕು. ಶಾಸನ ಓದುವಾಗ ತೋರುವ ಶ್ರದ್ಧೆಯನ್ನು ಇಲ್ಲಿಯೂ ತೋರಿದರೆ ಸಾಕು. ಚಪಡನ ಹೆಸರನ್ನು ಬಂಡೆ ಕಾಯ್ದಿತು. ಇವರ ಹೆಸರನ್ನು ಕಾಯುವ ಹೊಣೆ ಬರಹ ಬಲ್ಲ ನಮ್ಮ ಮೇಲಿದೆ.