ಮಳೆ ಅಳೆದರೆ ಸಾಲದು, ಆವಿಯನ್ನೂ ಅಳೆಯಿರಿ

ಜೂನ್ 5ರ ಪರಿಸರ ದಿನ ಬಂತೆಂದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದ ವೇದಿಕೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಗಿಡ ನೆಟ್ಟರೆ ಮಳೆ ಬರುತ್ತದೆ. ಕೇಳಲು ಹಿತವಾದ ಮಾತು. ಆದರೆ ಅದನ್ನು ನಂಬಿ ಸಸಿ ನೆಟ್ಟ ಊರಿನವರು ಮರುವರ್ಷ ಮಳೆ ಕೈಕೊಟ್ಟಾಗ ಸಸಿಯ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ. ನಾನು ಭೂಗೋಳ ಕಲಿಸಿದ ಮಾಸ್ತರ, ಈಗ ತೊಗರಿ ಬೆಳೆಯುವ ರೈತ. ಪಕ್ಕದ ಹೊಲದವರು ಬದುವಿನ ಮೇಲೆ ಕುಳಿತು ಕೇಳುವ ಪ್ರಶ್ನೆ ಇದು: ‘ಮಾಸ್ತರ, ಚಿಂಚೋಳಿ ಅಡವ್ಯಾಗ ಬೀಳೋ ಮಳಿ ನಮ್ಮ ಕಡಿ ಯಾಕ ಬೀಳಲ್ರಿ?’ ಅವರಿಗೆ ಘೋಷಣೆಯ ಉತ್ತರ ಕೊಡಲು ನನಗೆ ಮನಸ್ಸಿಲ್ಲ.

ವಿಜ್ಞಾನ ಹೇಳುವುದೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದಸ್ವಾಮಿ ಬಾಲ ಮತ್ತು ಅವರ ಸಂಗಡಿಗರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭೂಮಿಯ ಬೇರೆ ಬೇರೆ ಭಾಗದ ಕಾಡುಗಳನ್ನು ಕಂಪ್ಯೂಟರ್ ಮಾದರಿಯಲ್ಲಿ ಅಳಿಸಿಹಾಕಿ, ಮುಂಗಾರಿನ ಗತಿ ಏನಾಗುತ್ತದೆ ಎಂದು ಅವರು ನೋಡಿದರು. ಉತ್ತರ ಗೋಳಾರ್ಧದ ಮೇಲ್ಭಾಗದ ಕಾಡು ದೊಡ್ಡ ಪ್ರಮಾಣದಲ್ಲಿ ಹೋದರೆ ಬೋಳು ನೆಲ ಬಿಸಿಲನ್ನು ಹೆಚ್ಚು ಹಿಂದಕ್ಕೆ ಎರಚುತ್ತದೆ. ಆ ಕಡೆ ತಂಪಾಗುತ್ತದೆ, ಮಳೆ ಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ. ಭಾರತದ ಮಳೆ ಶೇ 18ರಷ್ಟು ಕುಗ್ಗುತ್ತದೆ. ಎಲ್ಲೋ ದೂರದ ಕಾಡಿಗೂ ನಮ್ಮ ಮೃಗಶಿರಾ ಮಳೆಗೂ ನಂಟಿದೆ. ಅದೇ ಅಧ್ಯಯನದ ಇನ್ನೊಂದು ಪಾಠವೆಂದರೆ, ಮುಂಗಾರಿನ ಮೇಲೆ ಸ್ಥಳೀಯ ಕಾಡಿಗಿಂತ ದೂರದ ಕಾಡಿನ ಪರಿಣಾಮವೇ ದೊಡ್ಡದು. ಸುಮಾರು 135 ಚದರ ಕಿ.ಮೀ.ಯ ಚಿಂಚೋಳಿ ವನ್ಯಜೀವಿಧಾಮ ತಾನೊಂದೇ ಮೋಡ ಕರೆತರಲಾರದು.

ಹಾಗೆಂದು ಕಾಡಿನ ಆವಿ ವ್ಯರ್ಥವಲ್ಲ. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನ ವಿ.ಎಂ. ಮೆಹರ್-ಹೋಮ್ಜಿ 1980ರಲ್ಲೇ ಪಶ್ಚಿಮ ಕರ್ನಾಟಕದ ಮಳೆ ದಾಖಲೆಗಳನ್ನು ಕಾಡುನಾಶದ ಜೊತೆಗಿಟ್ಟು ಪರಿಶೀಲಿಸಿದ್ದರು. ಪಶ್ಚಿಮಘಟ್ಟದ ಕಾಡು ಬಿಡುವ ಆವಿ ತಮಿಳುನಾಡಿಗೆ ಮಳೆಯಾಗಿ ಇಳಿಯುತ್ತದೆ, ಮುಂಗಾರು ಕೊರತೆಯ ವರ್ಷಗಳಲ್ಲಿ ಆ ಪಾಲು ಇನ್ನೂ ಹೆಚ್ಚು ಎಂದು ಐಐಟಿ ಬಾಂಬೆಯ ಸುಬಿಮಲ್ ಘೋಷ್ ತಂಡ 2018ರಲ್ಲಿ ತೋರಿಸಿತು. ಘಟ್ಟ ದಾಟಿ ಒಣಗಿ ಬರುವ ಗಾಳಿಗೆ ದಾರಿಯುದ್ದಕ್ಕೂ ಹಸಿರು ಬೇಕು. ಕಲಬುರಗಿ ಆ ದಾರಿಯ ಒಳನಾಡಿನಲ್ಲಿದೆ.

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದ್ ಕಡೆ ಹೋಗುವ ರೈಲಿನ ಕಿಟಕಿ ಪಕ್ಕ ಕುಳಿತರೆ ಈ ನೆಲದ ಸ್ಥಿತಿ ತಾನೇ ಕಾಣುತ್ತದೆ. ವಾಡಿಯ ಚಿಮಣಿಗಳು, ಚಿತ್ತಾಪುರದ ಎರೆ ಹೊಲಗಳು, ಮಳಖೇಡ ರೋಡ್, ಸೇಡಂ, ಮತ್ತೆ ಚಿಮಣಿ. ಅತ್ತ ಶಹಾಬಾದಿನ ಕಡೆ ಪರಸಿ ಕಲ್ಲಿನ ಖಣಿಗಳು. ಅರ್ಧ ದೇಶದ ಮನೆಗಳ ನೆಲಕ್ಕೆ ಹಾಸಿದ ಕಲ್ಲು ಇಲ್ಲಿಂದ ಹೋಯಿತು, ಗೋಡೆ ಕಟ್ಟಿದ ಸಿಮೆಂಟೂ ಹೋಯಿತು. ಇಲ್ಲಿ ಉಳಿದದ್ದು ಬಿಸಿಲಿಗೆ ಬಿಳುಚಿದ ಕಲ್ಲಿನ ರಾಶಿ ಮತ್ತು ನೀರು ನಿಂತ ಹಳೆ ಖಣಿ.

ಈ ಬಿಸಿಲಿನ ಲೆಕ್ಕವನ್ನು ನಾನು ಮಕ್ಕಳಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋ ಕ್ಯಾಲರಿ ಶಾಖ ಬೇಕು. ದೊಡ್ಡ ಮರವೊಂದು ದಿನಕ್ಕೆ 100 ಲೀಟರ್ ನೀರನ್ನು ಎಲೆಯ ಮೂಲಕ ಬಿಟ್ಟರೆ, ಹತ್ತಿರ ಹತ್ತಿರ 67 ಯೂನಿಟ್ ಕರೆಂಟಿಗೆ ಸಮನಾದ ಶಾಖವನ್ನು ಸುತ್ತಲಿನಿಂದ ಹೀರಿದಂತೆ. ಬೋಳು ಕಲ್ಲಿಗೆ ಆವಿ ಮಾಡಲು ನೀರೇ ಇಲ್ಲ. ಅದು ಹೀರಿದ ಬಿಸಿಲೆಲ್ಲ ನೆಲ ಮತ್ತು ಗಾಳಿ ಕಾಯಿಸುವುದಕ್ಕೇ ಹೋಗುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಪಾದರಸ 43, 44 ಡಿಗ್ರಿ ಮುಟ್ಟುವಾಗ ಖಣಿ ಅಂಚಿನ ಊರಿನವರು ಉಣ್ಣುವ ಸೆಕೆಗೂ ಬೇವಿನ ತೋಪಿನ ಕೆಳಗಿನ ಸೆಕೆಗೂ ಇರುವ ವ್ಯತ್ಯಾಸ ಇದೇ. ಕಲ್ಲಿನ ಧೂಳು ತೊಗರಿ ಎಲೆಯ ಮೇಲೆ ಕೂತಾಗ ಎಲೆಯ ಸಣ್ಣ ರಂಧ್ರಗಳು ಮುಚ್ಚಿ, ಇದ್ದ ಬೆಳೆಯ ಉಸಿರೂ ಕಟ್ಟುತ್ತದೆ.

ನಮ್ಮ ಹಿರಿಯರಿಗೆ ಆವಿಯ ವಿಚಾರ ಚೆನ್ನಾಗಿ ತಿಳಿದಿತ್ತು. ಎರೆ ಭೂಮಿ ಒಣಗುತ್ತಿದ್ದಂತೆ ಬಿರುಕು ಬಿಡುತ್ತದೆ, ಆ ಬಿರುಕಿನಿಂದಲೇ ಕೆಳಗಿನ ತೇವ ಹಾರಿಹೋಗುತ್ತದೆ. ಅದಕ್ಕೇ ಕಳೆ ಇರಲಿ ಬಿಡಲಿ, ತೊಗರಿ ಸಾಲಿನಲ್ಲಿ ಎಡೆ ಹೊಡೆಯುತ್ತಾರೆ. ಕುಂಟೆ ಮೇಲ್ಮಣ್ಣನ್ನು ಪುಡಿ ಮಾಡಿ ಬಿರುಕು ಮುಚ್ಚುತ್ತದೆ. ಕೈಯಿಂದ ಆ ಪುಡಿಮಣ್ಣನ್ನು ನಾಲ್ಕು ಬೆರಳು ಸರಿಸಿ ನೋಡಿ, ಕೆಳಗೆ ಮಣ್ಣು ಕರಿದಾಗಿ ತಂಪಾಗಿರುತ್ತದೆ. ಮಳೆ ನಿಂತ ಮೇಲೆ ಹೂವು, ಕಾಯಿ ಹಿಡಿಯುವ ತೊಗರಿ ಬದುಕುವುದು ಆ ತೇವದ ಮೇಲೆ.

ಚಿಂಚೋಳಿ ಕಾಡಿನ ದೊಡ್ಡ ಕೆಲಸ ಇರುವುದೂ ಮಣ್ಣಿನಲ್ಲೇ ಎಂದು ನನ್ನ ಅಭಿಪ್ರಾಯ. ಜಿಲ್ಲೆಯ ಕಾಡಿನ ಬಹುಪಾಲು ಆ ಒಂದೇ ತಾಲ್ಲೂಕಿನಲ್ಲಿದೆ. 2011ರಲ್ಲಿ ವನ್ಯಜೀವಿಧಾಮವಾದ ಈ ಎಲೆಯುದುರುವ ಕಾಡಿನಲ್ಲಿ ಸಾಗವಾನಿ, ರಕ್ತಚಂದನ, ಶ್ರೀಗಂಧ ಇವೆ. ಕತ್ತೆಕಿರುಬ, ಕೃಷ್ಣಮೃಗ ಇವೆ. ಚಂದ್ರಂಪಳ್ಳಿ ಜಲಾಶಯ ಅದರ ಮಡಿಲಲ್ಲೇ ಇದೆ. ಉತ್ತರ ಕನ್ನಡದಲ್ಲಿ ಜಗದೀಶ್ ಕೃಷ್ಣಸ್ವಾಮಿ, ಮೈಕ್ ಬೊನೆಲ್ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಕಾಡು ಮರಗಳ ಮೂಲಕ ಹೆಚ್ಚು ನೀರನ್ನು ಆವಿ ಮಾಡುವುದು ನಿಜ, ಆದರೆ ಅದಕ್ಕಿಂತ ಹೆಚ್ಚು ನೀರನ್ನು ನೆಲಕ್ಕೆ ಇಂಗಿಸಬಲ್ಲದು. ಹಾಳಾದ ಜಾಗದಲ್ಲಿ ಮಣ್ಣು ಗಟ್ಟಿಯಾಗಿ ಮಳೆನೀರು ಮೇಲಿಂದಲೇ ಹರಿದುಹೋಗುತ್ತದೆ. ಅಲ್ಲಿ ಅಕೇಶಿಯಾ ನೆಟ್ಟರೂ ಹಳೆಯ ಕಾಡಿನ ಇಂಗುವ ಗುಣ ಪೂರ್ತಿ ಮರಳುವುದಿಲ್ಲ. ಉತ್ತರ ಕನ್ನಡದ ಮಳೆ ನಮ್ಮದಲ್ಲ, ಮಣ್ಣೂ ಬೇರೆ. ಆದರೂ ತತ್ವ ನಮಗೆ ಸಲ್ಲುತ್ತದೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ ಹೊಳೆ ಉಕ್ಕಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೆ ನೀರು ನುಗ್ಗಿತು. ಬೇಸಿಗೆಯಲ್ಲಿ ಅದೇ ಹೊಳೆಯ ದಂಡೆಯ ಊರುಗಳು ಟ್ಯಾಂಕರಿಗೆ ಕಾಯುತ್ತವೆ. ಮಳೆಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವ ಕಾಡು ಇಲ್ಲದ ಕಡೆ ಈ ಎರಡೂ ಕಷ್ಟ ಒಟ್ಟಿಗೇ ಹೆಚ್ಚುತ್ತವೆ.

ಯಾವ ಗಿಡ ನೆಡಬೇಕು ಎಂಬುದರಲ್ಲಿ ಇಲಾಖೆಗಳು ಇನ್ನೂ ಎಡವುತ್ತಿವೆ. ಹೊಸಕೋಟೆಯಲ್ಲಿ ಇಯಾನ್ ಕಾಲ್ಡರ್ ಮತ್ತು ತಂಡ ನೀಲಗಿರಿ ತೋಪುಗಳನ್ನು ಅಳೆದಾಗ, ಅವು ಬಿದ್ದ ಮಳೆಗಿಂತ ಹೆಚ್ಚು ನೀರು ಕುಡಿದು ಆಳದ ತೇವಕ್ಕೂ ಕೈಹಾಕಿದ್ದು ಗೊತ್ತಾಯಿತು. ಆ ವರದಿ ಬಂದದ್ದು 1997ರಲ್ಲಿ. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿದ್ದು 2017ರಲ್ಲಿ. 20 ವರ್ಷ ತಡ. ಆಫ್ರಿಕಾದ ಬುರ್ಕಿನಾ ಫಾಸೊ ನಮ್ಮಂತೆಯೇ ಒಣ ನಾಡು. ಅಲ್ಲಿ ನಡೆದು 2016ರಲ್ಲಿ ಬಂದ ಸಂಶೋಧನೆ ಹೇಳುವ ಪ್ರಕಾರ, ಮರಗಳು ತೀರಾ ವಿರಳವೂ ಅಲ್ಲದೆ ತೀರಾ ದಟ್ಟವೂ ಅಲ್ಲದೆ ಮಧ್ಯಮ ಪ್ರಮಾಣದಲ್ಲಿದ್ದಾಗ ಅಂತರ್ಜಲಕ್ಕೆ ಅತಿ ಹೆಚ್ಚು ನೀರು ಇಳಿಯುತ್ತದೆ. ಸೇಡಂ, ಚಿತ್ತಾಪುರದ ಹೊಲಗಳಿಗೆ ಇದಕ್ಕಿಂತ ತಕ್ಕ ಸಲಹೆ ಸಿಗದು. ಬದುವಿನ ಮೇಲೆ ಬೇವು, ಹುಣಸೆ, ಜಾಲಿ. ಖಣಿಯ ಅಂಚಿನಲ್ಲಿ ಮುತ್ತುಗ. ಸಾಲಿನಲ್ಲಿ ಒತ್ತಾಗಿ ನೆಟ್ಟು ಫೋಟೊ ತೆಗೆಸಿಕೊಳ್ಳುವ ನೆಡುತೋಪು ಇಲ್ಲಿಗೆ ಬೇಡ.

ಮಳೆಯನ್ನು ನಾವು ಚೆನ್ನಾಗಿಯೇ ಅಳೆಯುತ್ತೇವೆ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಮಳೆಮಾಪಕ ಬಂದಿದೆ, ಬೆಳೆ ವಿಮೆಯ ಜಗಳವೂ ಅದರ ಅಂಕಿಯ ಮೇಲೇ ನಡೆಯುತ್ತದೆ. ಆದರೆ ವರ್ಷಕ್ಕೆ 750 ಮಿ.ಮೀ. ಆಸುಪಾಸು ಮಳೆ ಬೀಳುವ ನಾಡಿನಲ್ಲಿ ಬಿಸಿಲು, ಗಾಳಿ ಹೀರಿಕೊಳ್ಳಬಲ್ಲ ನೀರು ಅದರ ಎರಡು ಪಟ್ಟಿಗೂ ಹೆಚ್ಚು. ಈ ಖರ್ಚಿನ ಲೆಕ್ಕ ಊರೂರಿನಲ್ಲಿ ಇಡುವವರಿಲ್ಲ. ಆವಿಮಾಪಕ ದುಬಾರಿ ಯಂತ್ರವೇನಲ್ಲ. ಸುಮಾರು 120 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ಒಂದು ಲೋಹದ ಬಾನಿ, ಕೆಳಗೆ ಮರದ ಚೌಕಟ್ಟು, ಹಕ್ಕಿ ನೀರು ಕುಡಿಯದಂತೆ ಮೇಲೊಂದು ತಂತಿ ಜಾಲರಿ. ಬೆಳಿಗ್ಗೆ ಎಂಟೂವರೆಗೆ ಅಳತೆ ಪಾತ್ರೆಯಿಂದ ಗುರುತಿನವರೆಗೆ ನೀರು ತುಂಬಬೇಕು. ತುಂಬಿದಷ್ಟು ನೀರು ಹಿಂದಿನ ದಿನ ಆವಿಯಾಗಿದೆ ಎಂದರ್ಥ. ನಡುವೆ ಮಳೆ ಬಂದಿದ್ದರೆ ಅದನ್ನು ಸೇರಿಸಿಕೊಳ್ಳಬೇಕು. ಬಿರುಬೇಸಿಗೆಯಲ್ಲಿ ದಿನಕ್ಕೆ ಒಂದು ಸೆಂ.ಮೀ. ಹತ್ತಿರ ಹೋಗುತ್ತದೆ. ಇದನ್ನು ಪ್ರೌಢಶಾಲೆಯ ಹುಡುಗಿಯರು, ಹುಡುಗರು ಸಲೀಸಾಗಿ ಮಾಡಬಲ್ಲರು.

ನನ್ನ ಕೋರಿಕೆ ಇಷ್ಟು. ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ ಸುಣ್ಣದ ಕಲ್ಲಿನ ಗಣಿಗಳು ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟುತ್ತವೆ. ಹಳೆಯ ಗುತ್ತಿಗೆಗಳು ಕಟ್ಟಬೇಕಾದದ್ದು ರಾಜಧನದ ಶೇ 30. ಗಣಿಗಾರಿಕೆಯಿಂದ ಬಾಧಿತರಾದವರಿಗಾಗಿಯೇ ಇರುವ ಹಣ ಅದು. ಅದರ ಒಂದು ಪಾಲಿನಿಂದ ಚಿಂಚೋಳಿ ಕಾಡಿನ ಒಳಗೆ, ಸೇಡಂನ ಹೊಲದಲ್ಲಿ, ವಾಡಿ ಮತ್ತು ಶಹಾಬಾದಿನ ಖಣಿ ಪಕ್ಕದಲ್ಲಿ, ಚಿತ್ತಾಪುರದ ಶಾಲೆಯಂಗಳದಲ್ಲಿ ಆವಿಮಾಪಕ ಮತ್ತು ಅಂತರ್ಜಲ ಅಳೆಯುವ ಕೊಳವೆ ಇಡಿಸಿ. ಅಂಕಿಗಳನ್ನು ಪಂಚಾಯಿತಿ ಫಲಕದ ಮೇಲೆ ಬರೆಸಿ. ಯಾವ ಗಿಡ, ಎಷ್ಟು ಒತ್ತಾಗಿ ನೆಡಬೇಕು ಎಂಬುದನ್ನು ಆ ಅಂಕಿ ನೋಡಿ ನಿರ್ಧರಿಸಿ. ಅಧಿಕಾರಿಗಳು ತಾವಾಗಿ ಮಾಡಲಿ ಎಂದು ಕಾಯುವುದು ಬೇಡ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನಿಂದ ಈ ಬೇಡಿಕೆಯನ್ನು ನಡಾವಳಿ ಪುಸ್ತಕಕ್ಕೆ ಬರೆಸಿ, ಸಹಿ ಹಾಕಿಸಿ.