ಪೆಟ್ಟಿಗೆಯೊಳಗಿನ ಎಕ್ಸ್‌ಪಿ

ಹಳೆಯ ಪುಸ್ತಕವೊಂದನ್ನು ಮರುಮುದ್ರಣ ಮಾಡಿಸಲು ಹೊರಟವರಿಗೆ ಡಿಟಿಪಿ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: 'ಫೈಲ್ ಹೋಗಿದೆ ಸಾರ್, ಮತ್ತೆ ಟೈಪ್ ಮಾಡಿಸಬೇಕು.' ಇದನ್ನು ನಾವು ಎಷ್ಟು ಸಲೀಸಾಗಿ ಒಪ್ಪಿಬಿಡುತ್ತೇವೆ! ಬಹಳಷ್ಟು ಸಲ ಫೈಲು ಎಲ್ಲಿಗೂ ಹೋಗಿರುವುದಿಲ್ಲ.

ತ್ಯಾವಣಿಗೆಯಿಂದ ಬೆಂಗಳೂರಿನವರೆಗೆ ಕನ್ನಡದ ಅಕ್ಷರ ಜೋಡಣೆ ವರ್ಷಗಟ್ಟಲೆ ನಡೆದದ್ದು ಪೇಜ್‌ಮೇಕರ್‌ನಲ್ಲಿ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ. 2001ರ ಏಳನೇ ಆವೃತ್ತಿಗೇ ಪೇಜ್‌ಮೇಕರ್ ನಿಂತುಹೋಯಿತು. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹೊಸ ಕಂಪ್ಯೂಟರಿನಲ್ಲಿ ಅದು ತಕರಾರು ಮಾಡುತ್ತದೆಂದು ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ವಿಂಡೋಸ್ ಎಕ್ಸ್‌ಪಿ ಕೂರಿಸುತ್ತಾರೆ. ಕಂಪ್ಯೂಟರಿನೊಳಗೊಂದು ಕಂಪ್ಯೂಟರು. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲಿ ಕೈಬಿಟ್ಟ ಎಕ್ಸ್‌ಪಿಯನ್ನು ನಾವಿನ್ನೂ ಸಾಕುತ್ತಿರುವುದು ಹೀಗೆ.

ಉಪಾಯವೇನೋ ಜಾಣತನದ್ದೇ. ಆದರೆ ಅದರ ಮರ್ಮ ತಿಳಿಯದೆ ಬಳಸಿದರೆ ಕಷ್ಟ. ಒಳಗಿನ ಎಕ್ಸ್‌ಪಿಯ 'ಮೈ ಡಾಕ್ಯುಮೆಂಟ್ಸ್'ನಲ್ಲಿ ಉಳಿಸಿದ್ದೆಲ್ಲ ಹೊರಗಿನವರಿಗೆ ಒಂದೇ ಒಂದು ದೊಡ್ಡ ವಿಡಿಐ ಫೈಲಾಗಿ ಕಾಣುತ್ತದೆ. ಹೊರಗೆ ನಿಂತು ಎಷ್ಟು ಹುಡುಕಿದರೂ ಪುಸ್ತಕದ ಹೆಸರು ಸಿಗದು. ಪೆನ್‌ಡ್ರೈವ್ ಒಮ್ಮೆಗೆ ಒಂದೇ ಕಡೆಯ ಸೊತ್ತು: ಒಳಗಿನ ಯಂತ್ರ ಹಿಡಿದುಕೊಂಡರೆ ಹೊರಗೆ ಮಾಯ. ಯುಎಸ್‌ಬಿ 3 ಎಂಬುದು ಎಕ್ಸ್‌ಪಿಗೆ ತಿಳಿಯದು, ಸೆಟ್ಟಿಂಗಿನಲ್ಲಿ ಯುಎಸ್‌ಬಿ 2 ಆರಿಸಬೇಕು. ಹೊರಗಿರುವುದು ಲಿನಕ್ಸ್ ಆದರೆ ಬಳಕೆದಾರರನ್ನು ವಿಬಾಕ್ಸ್‌ಯೂಸರ್ಸ್ ಗುಂಪಿಗೆ ಸೇರಿಸದೆ ಡ್ರೈವ್ ಕಾಣುವುದೇ ಇಲ್ಲ. ಶೇರ್ಡ್ ಫೋಲ್ಡರ್ ಬೇಕೆಂದರೆ ಒಳಗಡೆ ಗೆಸ್ಟ್ ಅಡಿಶನ್ಸ್ ಹಾಕಿರಬೇಕು.

ನಿಜವಾಗಿ ಫೈಲು ಸಾಯುವುದು ಆಮೇಲೆ, ನಮ್ಮ ಅವಸರದ ಕೈಯಲ್ಲಿ. ವಿಡಿಐ ಇದ್ದ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ನಿನ್ನೆ 'ಇ' ಆಗಿದ್ದದ್ದು ಇಂದು 'ಎಫ್' ಆದರೆ ವರ್ಚುವಲ್‌ಬಾಕ್ಸಿಗೆ ಅದು ಸಿಗುವುದಿಲ್ಲ. ಡ್ರೈವಿನ ಅಕ್ಷರ ಮೊದಲಿನಂತೆ ಮಾಡಿದರೆ ಸಾಕು. ಅಷ್ಟು ಮಾಡದೆ 'ಕೆಟ್ಟಿದೆ' ಎಂದು ಯಂತ್ರವನ್ನೇ ತೆಗೆಯುತ್ತಾರೆ, ಕೇಳಿದ ಪ್ರಶ್ನೆ ಓದದೆ 'ಎಲ್ಲ ಫೈಲುಗಳನ್ನೂ ಅಳಿಸು' ಒತ್ತುತ್ತಾರೆ. ಅಥವಾ ಹಳೆಯ ಸ್ನ್ಯಾಪ್‌ಶಾಟಿಗೆ ಮರಳುತ್ತಾರೆ. ಅದಾದಮೇಲೆ ಒಳಗಡೆ ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಶೇರ್ಡ್ ಫೋಲ್ಡರಿನಲ್ಲಿದ್ದುದು ಮಾತ್ರ ಉಳಿಯುತ್ತದೆ, ಏಕೆಂದರೆ ಅದು ಇರುವುದೇ ಹೊರಗೆ.

ನನ್ನ ಸಿಟ್ಟು ಅಂಗಡಿಯ ಹುಡುಗರ ಮೇಲಲ್ಲ. ಪುಟಕ್ಕಿಷ್ಟು ಎಂದು ದುಡಿಯುವವರು ಅವರು. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡ ಸೇರಿತ್ತು. ಇಂದಿಗೂ ಲೇಖಕರಿಗೆ 'ನುಡಿಯಲ್ಲೇ ಕಳಿಸಿ' ಎನ್ನುವ ಪ್ರಕಾಶಕರಿದ್ದಾರಲ್ಲ, ಅವರನ್ನು ಕೇಳಬೇಕು. ಹಳೆಯ ಎಕ್ಸ್‌ಪಿಯನ್ನು ಫೈಲು ಹೊರತೆಗೆಯಲು ಇಟ್ಟುಕೊಳ್ಳಿ, ಬೇಡ ಎನ್ನುವುದಿಲ್ಲ. ಅದನ್ನೇ ಕಣಜ ಮಾಡಿಕೊಂಡರೆ ಹೇಗೆ?

ದೊಡ್ಡ ಲೇಖಕರ ಪುಸ್ತಕ ಯಾವುದಾದರೂ ಗ್ರಂಥಾಲಯದಲ್ಲಿ ಸಿಕ್ಕೀತು. ತ್ಯಾವಣಿಗೆಯಂಥ ಊರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕೈಯಿಂದ ದುಡ್ಡು ಹಾಕಿ ತರುವ ಊರ ಚರಿತ್ರೆ, ಜಾತ್ರೆಯ ಕಿರುಹೊತ್ತಿಗೆ, ಭಜನಾ ಮಂಡಳಿಯ ಹಾಡುಗಳು? ಇವಕ್ಕೆ ಎರಡನೇ ಪ್ರತಿಯೇ ಇರುವುದಿಲ್ಲ.

ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪು ನುಸುಳುತ್ತದೆ, ಕರಡು ತಿದ್ದುವ ಶ್ರಮ ಇದ್ದೇ ಇದೆ. ಮುಂದಿನ ಸಲ ಡಿಟಿಪಿ ಬಿಲ್ಲು ಕಟ್ಟುವಾಗ ಪಿಡಿಎಫ್ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಕೇಳಿ ಪಡೆಯಿರಿ, ಅಂಗಡಿಯಿಂದ ಹೊರಡುವ ಮೊದಲೇ ತೆರೆದು ನೋಡಿ.